ರೇಡಿಯೋ ಹುಚ್ಚರಾಯಪ್ಪನ ತಿದ್ದುಪಡಿ

ಆ ಕಾಲದ ಶಿಕಾರಿಪುರದಲ್ಲಿ ಒಬ್ಬ ಮನುಷ್ಯ ಸತ್ತಿದ್ದಾನೆಂದು ಘೋಷಿಸುವ ಅಧಿಕಾರ ಮೂರು ಲೋಕದಲ್ಲಿ ಇಬ್ಬರಿಗೆ ಮಾತ್ರ ಇತ್ತು. ಮೇಲೆ ಚಿತ್ರಗುಪ್ತನಿಗೆ, ಕೆಳಗೆ ಪುರಸಭೆಯ ರೇಡಿಯೋ ಹುಚ್ಚರಾಯಪ್ಪನಿಗೆ. ಚಿತ್ರಗುಪ್ತ ಆಗೀಗ ಹೆಸರು ಅದಲುಬದಲು ಮಾಡಿ ಯಾರನ್ನೋ ಎಳೆತರಿಸಿದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಹುಚ್ಚರಾಯಪ್ಪನ ಮೇಲೆ ಹದಿನೇಳು ವರ್ಷದಲ್ಲಿ ಅಂಥ ದೂರು ಒಂದೂ ಇರಲಿಲ್ಲ.

ಕೆರೆ ಏರಿಯ ಕೆಳಗೆ ಪುರಸಭೆಯ ತೋಟ. ತೋಟದ ಮೂಲೆಯಲ್ಲಿ ಒಂದು ಹೆಂಚಿನ ಕೋಣೆ. ಇಷ್ಟು ಅವನ ಸಾಮ್ರಾಜ್ಯ. ಯುದ್ಧದ ಸುದ್ದಿ ಕೇಳಿಸಲೆಂದು ಸರ್ಕಾರ ನಲವತ್ತೊಂದರಲ್ಲಿ ಒಂದು ರೇಡಿಯೋ ಪೆಟ್ಟಿಗೆ ಕೊಟ್ಟಿತ್ತು. ಯುದ್ಧ ಮುಗಿಯಿತು, ಪೆಟ್ಟಿಗೆ ಉಳಿಯಿತು, ಪೆಟ್ಟಿಗೆಯ ಜೊತೆ ಹುಚ್ಚರಾಯಪ್ಪನೂ ಉಳಿದ. ಆಮೇಲೆ ಒಂದು ಮೈಕು ಬಂತು. ತೋಟದಲ್ಲಿ ಒಂದು, ಸಂತೆ ಮೈದಾನದಲ್ಲಿ ಒಂದು, ಬಸ್ ಸ್ಟ್ಯಾಂಡಿನ ಕಂಬದ ಮೇಲೆ ಒಂದು, ಹೀಗೆ ಮೂರು ದಿಕ್ಕಿಗೆ ಮೂರು ಧ್ವನಿವರ್ಧಕದ ಕಹಳೆಗಳು ಎದ್ದವು. ದಿನಾ ಸಂಜೆ ಆರೂವರೆಗೆ ಅವನು ಮೈ ತೊಳೆದು, ವಿಭೂತಿ ಹಚ್ಚಿ, ಗುಂಡಿ ತಿರುಗಿಸಿ, ಪೆಟ್ಟಿಗೆಯ ಒಳಗೆ ಕೆಂಪು ಮೂಡುವವರೆಗೆ ಕೈಕಟ್ಟಿ ನಿಲ್ಲುತ್ತಿದ್ದ. ದೆಹಲಿಯ ವಾರ್ತೆಗೆ ಮುಂಚಿನ ಹತ್ತು ನಿಮಿಷ ಅವನದು. "ಶಿಕಾರಿಪುರದ ಮಹಾಜನಗಳೇ" ಎಂದು ಶುರು ಮಾಡಿದನೆಂದರೆ ಕಳೆದುಹೋದ ಎಮ್ಮೆ, ನಾಳೆ ನಲ್ಲಿಗೆ ನೀರಿಲ್ಲ, ಕಾಲರಾ ಚುಚ್ಚುಮದ್ದು, ಕೊನೆಗೆ ಸಾವು. ಅವನ ಕಂಠದ ನಂತರ ದೆಹಲಿಯವನು ಮಾತಾಡಿದರೆ, ಪಾಪ, ನೆಗಡಿಯಾಗಿದೆಯೇನೋ ಅನ್ನಿಸುತ್ತಿತ್ತು.

ಪಟೇಲ ಕೆಂಪಪ್ಪನ ಮಕ್ಕಳು ಒಮ್ಮೆ ಏದುಸಿರು ಬಿಡುತ್ತ ಓಡಿಬಂದು, "ಅಪ್ಪ ಹೋಗಿಬಿಟ್ರು ಕಣ್ರೀ" ಎಂದರು.

"ಹೋದ್ರೋ, ಹೋಗ್ತಾ ಅದಾರೋ?"

"ಇನ್ನೊಂದು ಗಳಿಗೆ ಅಷ್ಟೇ. ವಾರ್ತೆ ಶುರುವಾದ್ರೆ ಇವತ್ತಿನ ಲೆಕ್ಕಕ್ಕೆ ಸಿಗಂಗಿಲ್ಲ ಅಂತ ಮೊದ್ಲೇ ಬಂದ್ವಿ."

"ಮುಗಿಸ್ಕಂಡು ಬರ್ರಿ."

ಕೆಂಪಪ್ಪ ಆಮೇಲೆ ನಾಲ್ಕು ವರ್ಷ ಬದುಕಿದ. ದಿನಾ ಸಂಜೆ ತೋಟದ ಕಲ್ಲುಬೆಂಚಿನ ಮೇಲೆ ಕೂತು, ಪ್ರಕಟಣೆಯಲ್ಲಿ ತನ್ನ ಹೆಸರು ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಊಟಕ್ಕೆ ಏಳುತ್ತಿದ್ದ.

ಇಂಥ ಸತ್ಯಸಂಧನಿಗೆ ಐವತ್ತೆಂಟರ ವೈಶಾಖದಲ್ಲಿ ಪುರಸಭೆ ಸನ್ಮಾನ ಮಾಡುವುದೆಂದು ನಿಶ್ಚಯವಾಯಿತು. ನಮ್ಮ ಕಡೆ ಬಲಿಯ ಕುರಿಗೆ ನೀರು ಚಿಮುಕಿಸುವುದು ಯಾತಕ್ಕೆಂದು ಕುರಿಯೊಂದಕ್ಕೆ ಬಿಟ್ಟು ಎಲ್ಲರಿಗೂ ಗೊತ್ತು. ಶಾಲು ಹೊದಿಸುವುದೂ ಹಾಗೆಯೇ. ಹೊಸ ರೇಡಿಯೋ ಬರಲಿತ್ತು, ಅದರ ಜೊತೆ ಪರೀಕ್ಷೆ ಪಾಸು ಮಾಡಿದ ಹೊಸಬನೊಬ್ಬ ಬರಲಿದ್ದ. ಎಮ್ಮೆ, ನಲ್ಲಿ, ಸಾವುಗಳ ಹತ್ತು ನಿಮಿಷ ಇನ್ನು ಮುಂದೆ ಇರುವುದಿಲ್ಲ. ಅಧ್ಯಕ್ಷ ಶೇಷಪ್ಪನವರು ಇದನ್ನು ಬಹಳ ನಯವಾಗಿ ತಿಳಿಸಿದರು. "ಭಾನುವಾರ ಸಂಜೆ, ಅಮಲ್ದಾರರ ಸಮ್ಮುಖ. ಕೊನೇ ಮಾತು ನಿಂದೇ ಕಣಯ್ಯಾ. ಹೊಟ್ಟೆ ತುಂಬ ಮಾತಾಡು."

ಹುಚ್ಚರಾಯಪ್ಪ ಒಂದು ದಿನ ಊಟ ಬಿಟ್ಟ. ಎರಡನೆಯ ದಿನ ಚಂದ್ರಗುತ್ತಿಗೆ ಹೇಳಿಕಳಿಸಿದ. ಅಲ್ಲಿ ಅವನ ಅಕ್ಕ ಮಾಸ್ತಮ್ಮ ಇದ್ದಳು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನು ಮಾತು ಕಲಿತದ್ದು ಅವಳ ಬಾಯಿಂದ. ಆದರೆ ಆ ಮಾತು ಕಹಳೆಯಲ್ಲಿ ಊರೆಲ್ಲ ಮೊಳಗಿದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. "ಪೆಟ್ಟಿಗೆ ಮುಂದೆ ಕೂತು ಬೊಗಳೋದಕ್ಕೆ ಸಂಬಳ ಬೇರೆ ಕೊಡ್ತಾರೇನೋ?" ಎಂದು ನಗುವಳೇ ಹೊರತು ಬಂದಿರಲಿಲ್ಲ. ಎರಡು ವರ್ಷದಿಂದಂತೂ ಊರ ಗಡಿ ದಾಟಿರಲಿಲ್ಲ. ಈಗ ಹೇಳಿಕಳಿಸಿದಾಗ, ಬರುತ್ತೇನೆ ಎಂದಳು. ಭಾನುವಾರ ಸಂಜೆಯ ಸೊರಬದ ಬಸ್ಸಿಗೆ. ಹುಚ್ಚರಾಯಪ್ಪನಿಗೆ ಶಾಲು, ಹಾರ, ಅಮಲ್ದಾರ ಎಲ್ಲ ಗಾಳಿಗೆ ಹೋದವು. ಇರುವುದೊಂದೇ ಸಂಜೆ, ಅಕ್ಕ ಕೇಳಬೇಕು, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಅವನು ಕೋಣೆಯ ಮೇಲಿನ ಏರಿಯಲ್ ತಂತಿ ಬಿಗಿಯಲು ಏಣಿ ಹತ್ತಿದ್ದಾಗ ಒಂದು ಕಾಗೆ ಬಂದು ಅವನ ತಲೆಯ ಮೇಲೆ ಕೂತು, ಎರಡು ಹೆಜ್ಜೆ ಹಾಕಿ, ಹಾರಿಹೋಯಿತು.

ಕಾಗೆ ತಲೆ ಮುಟ್ಟಿದರೆ ಸಾವು ವಿಳಾಸ ಬರೆದುಕೊಂಡಿತೆಂದೇ ಲೆಕ್ಕ. ಅದಕ್ಕೆ ನಮ್ಮ ಹಿರಿಯರು ಮಾಡಿಟ್ಟ ಪರಿಹಾರವೂ ಇದೆ. ಒಡಹುಟ್ಟಿದವರಿಗೋ ಹತ್ತಿರದ ರಕ್ತಸಂಬಂಧಿಗೋ "ಇಂಥವನು ಸತ್ತ" ಎಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಅಳಬೇಕು. ಆ ಅಳು ಕೇಳಿ ಯಮ, ಓಹೋ ಈ ಕೆಲಸ ಮುಗಿದಿದೆ ಎಂದು ಕೋಣ ತಿರುಗಿಸುತ್ತಾನೆ. ಕಣ್ಣೀರು ನೆಲಕ್ಕೆ ಬಿದ್ದ ಕೂಡಲೇ ಸುದ್ದಿ ತಂದವನೇ "ಕಾಗೆ ಮುಟ್ಟಿತ್ತು ಅಷ್ಟೇ, ಬದುಕಿದಾನೆ" ಎನ್ನುತ್ತಾನೆ. ಅತ್ತವರು ಅವನ ವಂಶವನ್ನೆಲ್ಲ ಬೈದು, ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಎಲ್ಲ ಒಂದು ಗಳಿಗೆಯ ಕೆಲಸ.

ಹೆಂಡತಿ ವರದಮ್ಮ ವಿಷಯ ಕೇಳಿ ಒಲೆಯ ಮುಂದಿಂದ ಎದ್ದಳು. "ಇವತ್ತೇ ಚಂದ್ರಗುತ್ತಿಗೆ ಯಾರನ್ನಾದ್ರೂ ಅಟ್ರೀ."

"ಅಕ್ಕಂಗೆ ಬ್ಯಾಡ."

"ಮತ್ಯಾರಿಗೆ? ನಿಮಗಿರೋ ರಕ್ತ ಅದೊಂದೇ. ನನ್ನ ತಮ್ಮ ಧರ್ಮಪ್ಪ ಅಳ್ತೀನಿ ಅಂದ್ರೂ ನಡೆಯಂಗಿಲ್ಲ."

"ಧರ್ಮಪ್ಪ ನಾನು ನಿಜವಾಗ್ಲೂ ಸತ್ರೂ ಅಳಂಗಿಲ್ಲ ಬಿಡು. ಅಕ್ಕಂಗೆ ಏನಾಗಿತ್ತು ಮರೆತೆಯಾ?"

ವರದಮ್ಮ ಮತ್ತೆ ಒಲೆಯ ಮುಂದೆ ಕೂತಳು. ಮರೆಯುವ ಸಂಗತಿ ಅದಲ್ಲ. ಎರಡು ವರ್ಷದ ಹಿಂದೆ ಭದ್ರಾವತಿಗೆ ಕೂಲಿಗೆ ಹೋಗಿದ್ದ ಮಾಸ್ತಮ್ಮನ ಒಬ್ಬನೇ ಮಗ ಮಂಜಪ್ಪ ವಾಂತಿಭೇದಿಯಲ್ಲಿ ತೀರಿಕೊಂಡ. ಸುದ್ದಿ ತಂದವನನ್ನು ಮಾಸ್ತಮ್ಮ ಜಗುಲಿಯ ಮೇಲೆ ಕೂರಿಸಿ, "ಕಾಗೆ ಮುಟ್ತೇನಪ್ಪಾ ನಮ್ಮ ಹುಡುಗಂಗೆ? ಕೂತ್ಕೋ, ಅಳ್ತೀನಿ" ಎಂದು ನಗುತ್ತಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳಂತೆ. ಆಮೇಲೆ ಬದುಕಿದಾನೆ ಎಂಬ ಮಾತಿಗೆ ಕಾದಳು. ಆ ಮನುಷ್ಯ ಬಾಯಿ ಬಿಡಲಿಲ್ಲ. ಅವಳು ಕಾದದ್ದು ಒಂದು ಹಗಲು. ಭದ್ರಾವತಿ ಮುಟ್ಟುವಷ್ಟರಲ್ಲಿ ಮಗನ ಮುಖವಿರಲಿ, ಹೊಗೆಯೂ ಇರಲಿಲ್ಲ.

"ಅದಕ್ಕೇ ಹೇಳ್ತೀನಿ, ಬ್ಯಾಡ" ಎಂದ ಹುಚ್ಚರಾಯಪ್ಪ.

"ಹಂಗಾದ್ರೆ ಭಾನುವಾರಕ್ಕೆ ಮುಂಚೆ ನಿಮಗೇನಾದ್ರೂ ಆದ್ರೆ? ಆಯಮ್ಮ ಸನ್ಮಾನಕ್ಕೆ ಅಂತ ಬಂದು ತಿಥಿ ನೋಡ್ಕಂಡು ಹೋಗಬೇಕಾ?"

ನೂರಾರು ಜನರ ಸಾವನ್ನು ನಡುಗದ ದನಿಯಲ್ಲಿ ಓದಿದ ಮಹಾಶೂರನಿಗೆ ತನ್ನದೊಂದನ್ನು ನೆನೆದರೆ ಮತ್ತೆ ಏಣಿ ಹತ್ತುವ ಧೈರ್ಯ ಬರಲಿಲ್ಲ. ಸಂಜೆಯ ಹೊತ್ತಿಗೆ ಅವನು ಒಪ್ಪಿದ. ಒಪ್ಪಿದವನು ಹಿರಿಯರು ಹಾಕಿಕೊಟ್ಟ ಹಾದಿಯಲ್ಲೇ ಹೋಗಿದ್ದರೆ ಈ ಕಥೆ ಮಜ್ಜಿಗೆಯಲ್ಲಿ ಮುಗಿಯುತ್ತಿತ್ತು. ಆದರೆ ಅವನು ಹದಿನೇಳು ವರ್ಷದ ಅನುಭವವಿದ್ದ ಪ್ರಸಾರಕ. ಅವನೊಂದು ಸುಧಾರಣೆ ತಂದ.

"ಸತ್ತ ಅಂದ ಬಾಯೇ ಬದುಕಿದಾನೆ ಅಂದ್ರೆ ಯಾವ್ದನ್ನ ನಂಬಬೇಕು? ಅದೂ ಅಕ್ಕ! ಸುಳ್ಳು ಒಂದು ಬಾಯಿಂದ ಹೋಗ್ಲಿ, ನಿಜ ಇನ್ನೊಂದು ಬಾಯಿಂದ ಹೋಗ್ಲಿ. ನಿಜದ ಜೊತೆಗೆ ಕಾಗದ, ಪುರಸಭೆ ಸೀಲು."

"ನಿಮ್ಮಕ್ಕಂಗೆ ಓದಾಕೆ ಬರ್ತದಾ?"

"ಸೀಲು ಕಾಣ್ತದಲ್ಲ!"

ರಾತ್ರಿಯ ಊಟಕ್ಕೆ ಮುಂಚೆ ಪುರಸಭೆಯ ಕಾಗದದ ಮೇಲೆ ದುಂಡಕ್ಷರದಲ್ಲಿ ಬರೆದ. "ತಿದ್ದುಪಡಿ. ಚಂದ್ರಗುತ್ತಿಯ ಮಾಸ್ತಮ್ಮನವರಿಗೆ ಈ ಮೊದಲು ತಿಳಿಸಲಾದ ಹುಚ್ಚರಾಯಪ್ಪನ ಮರಣವಾರ್ತೆ ಕಾಗೆಯ ನಿಮಿತ್ತವಾದುದು. ಸದರಿ ಹುಚ್ಚರಾಯಪ್ಪ ಕ್ಷೇಮ. ಭಾನುವಾರ ತಪ್ಪದೆ ಬರುವುದು." ಓದಿ ನೋಡಿ, ತನ್ನ ಭಾಷೆಗೆ ತಾನೇ ತಲೆದೂಗಿದ.

ಸುಳ್ಳಿಗೆ ಬಸ್ ಸ್ಟ್ಯಾಂಡಿನ ಹಮಾಲಿ ಕರಿಯಣ್ಣ ನೇಮಕವಾದ. ಅವನನ್ನು ಕೋಣೆಗೆ ಕರೆದು, ರೇಡಿಯೋ ಮುಟ್ಟಿಸಿ ಆಣೆ ಹಾಕಿಸಲಾಯಿತು. ಸತ್ತ ಎನ್ನಬೇಕು, ಅದರಾಚೆ ಒಂದಕ್ಷರ ಆಡಕೂಡದು. ನಿಜಕ್ಕೆ ಭಾವಮೈದುನ ಧರ್ಮಪ್ಪ. ಕರಿಯಣ್ಣ ಶನಿವಾರ ಬೆಳಗಿನ ಬಸ್ಸಿಗೆ, ಧರ್ಮಪ್ಪ ಮಧ್ಯಾಹ್ನದ ಬಸ್ಸಿಗೆ. ನಡುವೆ ನಾಲ್ಕೇ ಗಂಟೆ. ನಾಲ್ಕು ಗಂಟೆಯ ಅಳು ಒಬ್ಬ ಪುರಸಭಾ ನೌಕರನ ಆಯುಸ್ಸಿಗೆ ಹೆಚ್ಚಲ್ಲ.

ಕರಿಯಣ್ಣ ಹೋದ. ಧರ್ಮಪ್ಪ ಬಸ್ ಸ್ಟ್ಯಾಂಡಿಗೆ ಬಂದಾಗ ಸೊರಬದ ಮಧ್ಯಾಹ್ನದ ಬಸ್ಸಿನ ಮೂತಿಗೆ ಬಾಳೆಕಂದು ಕಟ್ಟಿತ್ತು. ಮದುವೆ ಕಾಲ, ಹೊನ್ನಾಳಿ ಕಡೆಯ ದಿಬ್ಬಣವೊಂದು ಬಸ್ಸನ್ನೇ ಗೊತ್ತುಮಾಡಿಕೊಂಡಿತ್ತು. ದಿಬ್ಬಣದಲ್ಲಿ ಉಡುತಡಿಯ ಗುರುತಿನವರಿದ್ದರು. "ಏನ್ ಧರ್ಮಪ್ಪಾ, ಹತ್ತು, ಚಿರೋಟಿ ಐತೆ" ಎಂದರು. ಧರ್ಮಪ್ಪ ಜೇಬಿನ ಮೇಲೆ ಕೈಯಿಟ್ಟು ಒಂದು ಕ್ಷಣ ಧರ್ಮಸಂಕಟಪಟ್ಟ. ಒಂದು ರಾತ್ರಿ ಅತ್ತರೆ ಯಾರೂ ಸಾಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂದು ಹತ್ತಿದ.

ಚಂದ್ರಗುತ್ತಿಯಲ್ಲಿ ನಡೆದದ್ದು ಹುಚ್ಚರಾಯಪ್ಪನಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಅಲ್ಲಿನ ನೆರೆಯವರ ಬಾಯಿಂದ. ಕರಿಯಣ್ಣ ಅಂಗಳದಲ್ಲೇ ನಿಂತು, ಕಣ್ಣು ನೆಲಕ್ಕೆ ನೆಟ್ಟು, "ನಿಮ್ಮ ತಮ್ಮ ಹೋದ್ರು" ಎಂದ. ಮಾಸ್ತಮ್ಮ ಅಳಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ಆಣೆ ಇಟ್ಟವನು ಆ ನೋಟವನ್ನು ತಡೆಯಲಾರದೆ ತಿರುಗಿ ನಡೆದು, ಬನವಾಸಿಯ ಬೀಗರ ಮನೆ ಸೇರಿ ಕೂತ. ನೆರೆಯ ತಿಮ್ಮಮ್ಮ ಓಡಿಬಂದಳು.

"ಕಾಗೆ ಇದ್ರೂ ಇರಬೌದು ಮಾಸ್ತಕ್ಕಾ. ಒಂದು ಗಳಿಗೆ ಕಾಯಿ, ನಿಜ ಹೇಳಕ್ಕೆ ಯಾರಾದ್ರೂ ಬರ್ತಾರೆ."

"ಒಂದ್ಸಲ ಕಾದಿದೀನಿ ಕಣೇ" ಎಂದಳು ಮಾಸ್ತಮ್ಮ.

ಹೆಣಕ್ಕೆ ಹೊದಿಸಲು ಒಡಹುಟ್ಟಿದವರ ಕಡೆಯ ಹೊಸ ಬಟ್ಟೆ ಬೇಕು. ಭಾನುವಾರ ಉಡುಗೊರೆ ಕೊಡಲೆಂದು ತಂದಿಟ್ಟಿದ್ದ ಪಂಚೆ ಪೆಟ್ಟಿಗೆಯಲ್ಲಿತ್ತು. ಅದನ್ನೇ ಗಂಟು ಕಟ್ಟಿದಳು. ಆ ಹೊತ್ತಿಗೆ ಗಾಡಿ ಸಿಗಲಿಲ್ಲ. ವೈಶಾಖದ ಬಿಸಿಲಲ್ಲಿ ಅರವತ್ತೈದರ ಮುದುಕಿ ಸೊರಬದ ದಾರಿ ಹಿಡಿದು ನಡೆದಳು. ಸೊರಬ ಮುಟ್ಟಿದ್ದು ಭಾನುವಾರ ಬೆಳಿಗ್ಗೆ. ಶಿಕಾರಿಪುರಕ್ಕೆ ಆ ದಿನ ಇದ್ದೊಂದು ಬಸ್ಸು ಹೊರಟಿದ್ದು ಮಧ್ಯಾಹ್ನದ ಮೇಲೆ. ಮುಖಕ್ಕೆ ಸೆರಗು ಹಾಕಿ ಮೂಲೆಯಲ್ಲಿ ಕೂತವಳನ್ನು ಯಾರೂ ಏನೂ ಕೇಳಲಿಲ್ಲ.

ಅದೇ ಭಾನುವಾರ ಬೆಳಿಗ್ಗೆ ಧರ್ಮಪ್ಪ ಎಲೆಯಡಿಕೆಯ ಕೆಂಪು ಬಾಯಿಯೊಡನೆ ಅಕ್ಕ ವರದಮ್ಮನ ಮನೆಗೆ ಬಂದ.

"ಹೇಳಿದೆಯೇನೋ?" ಎಂದು ಹುಚ್ಚರಾಯಪ್ಪ ಬಾಗಿಲಲ್ಲೇ ಹಿಡಿದ.

"ಹೇಳ್ದೆ ಭಾವ."

"ಅತ್ತಿದ್ಲಾ?"

"ಅತ್ತಿದ್ಲು. ಆಮೇಲೆ ನಕ್ಲು. ಸಂಜಿ ಬಸ್ಸಿಗೆ ಬರ್ತಾಳಂತೆ."

"ಸೀಲು ನೋಡಿದ್ಲಾ?"

"ಸೀಲನ್ನೇ ನೋಡ್ತಾ ಕೂತಿದ್ಲು."

ಹುಚ್ಚರಾಯಪ್ಪ ಆ ದಿನ ಎರಡು ಸಲ ಮುಖಕ್ಷೌರ ಮಾಡಿಸಿಕೊಂಡ.

ಸಂಜೆ ಪುರಸಭೆಯ ತೋಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ವರದಮ್ಮ ಕಾಗೆಯ ಗುಟ್ಟನ್ನು ಕೆರೆ ಮೆಟ್ಟಿಲ ಮೇಲೆ ಒಬ್ಬಳಿಗೆ ಮಾತ್ರ ಹೇಳಿದ್ದಳು, ಆದ್ದರಿಂದ ಊರಿಗೆಲ್ಲ ಗೊತ್ತಿತ್ತು. ಬಿನ್ನವತ್ತಳೆ ಓದಿದ ಮೇಷ್ಟರು ಹುಚ್ಚರಾಯಪ್ಪನ ಕಂಠವನ್ನು ಪಾಂಚಜನ್ಯಕ್ಕೂ, ಕೋಣೆಯನ್ನು ಕೈಲಾಸಕ್ಕೂ, ಏರಿಯಲ್ ತಂತಿಯನ್ನು ಗಂಗಾವತರಣಕ್ಕೂ ಹೋಲಿಸಿದರು. ಅಮಲ್ದಾರರು ಗಡಿಯಾರ ನೋಡಿಕೊಂಡರು. ಶೇಷಪ್ಪನವರು ಶಾಲು ಹೊದಿಸಿ ಮೈಕಿನಲ್ಲಿ ಹೇಳಿದರು: "ಸಾಮಾನ್ಯವಾಗಿ ನಾವು ಸತ್ತವರನ್ನ ಹೊಗಳ್ತೀವಿ. ನಮ್ಮ ಹುಚ್ಚರಾಯಪ್ಪ ನಿನ್ನೆಯಷ್ಟೇ ಚಂದ್ರಗುತ್ತಿಯಲ್ಲಿ ಸತ್ತು, ಇವತ್ತು ಇಲ್ಲಿ ಹಾರ ಹಾಕಿಸ್ಕೊಳ್ತಾ ಇದಾರೆ. ಇಂಥ ಭಾಗ್ಯ ಯಾರಿಗುಂಟು!" ತೋಟ ತೋಟವೇ ನಕ್ಕಿತು. ಹುಚ್ಚರಾಯಪ್ಪನೂ ನಕ್ಕ. ಧರ್ಮಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಕೊನೆಗೆ ಅವನ ಸರದಿ. ಎದ್ದು ಮೈಕಿನ ಮುಂದೆ ನಿಂತ. ಗಟ್ಟಿ ಮಾಡಿಕೊಂಡಿದ್ದ ಭಾಷಣ ಮರೆತುಹೋಗಿತ್ತು. ಹೆಂಗಸರ ಕಡೆ ನೋಡಿದ, ಅಕ್ಕ ಕಾಣಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಸೊರಬದ ಬಸ್ಸಿನ ಹಾರನ್ನು ಕೇಳಿಸಿತು. ಅವನ ಮುಖ ಅರಳಿತು. ಬಸ್ ಸ್ಟ್ಯಾಂಡಿನ ಕಂಬದಲ್ಲೂ ತನ್ನ ಕಹಳೆ ಇದೆ! ಇಳಿದ ಕೂಡಲೇ ಕೇಳಿಸಬೇಕು.

"ಶಿಕಾರಿಪುರದ ಮಹಾಜನಗಳೇ" ಎಂದ. ಬಸ್ಸು ನಿಂತು ಜನ ಇಳಿಯುವಷ್ಟು ಹೊತ್ತು ತಡೆದ. ಆಮೇಲೆ ಹದಿನೇಳು ವರ್ಷದ ಶಿಸ್ತನ್ನೆಲ್ಲ ಬಿಟ್ಟು, ಚಿಕ್ಕಂದಿನಲ್ಲಿ ಹೊಳೆಯ ಈಚೆಯಿಂದ ಕೂಗುತ್ತಿದ್ದ ಹಾಗೆ ಕೂಗಿದ. "ಅಕ್ಕಾ! ಮಾಸ್ತಕ್ಕಾ! ನಾನು ಕಣೇ, ಹುಚ್ಚ. ಇಲ್ಲಿದೀನಿ. ಬಾರೇ, ನಿನ್ನೇ ಕಾಯ್ತಾ ಇದೀನಿ. ಬಾ!"

ಜನ ಚಪ್ಪಾಳೆ ತಟ್ಟಿದರು. ಅವನು ಮಾತು ಮುಂದುವರಿಸಿದ. ಮೊದಲ ಪೆಟ್ಟಿಗೆಯ ಬ್ಯಾಟರಿಯನ್ನು ಮಗುವಿನಂತೆ ಎತ್ತಿಕೊಂಡು ತಿರುಗಿದ್ದು, ಪಟೇಲ ಕೆಂಪಪ್ಪನ ಕಥೆ, ಎಲ್ಲ ಹೇಳಿದ. ಮಾತಿನ ಮಧ್ಯೆ ತೋಟದ ಬಾಗಿಲ ಕಡೆ ಗುಂಪು ಸೀಳಿಕೊಂಡು ಒಬ್ಬ ಬಂದ. ಬಸ್ ಸ್ಟ್ಯಾಂಡಿನ ಹೋಟೆಲಿನ ಸುಬ್ಬಪ್ಪ. ವೇದಿಕೆಯ ಕೆಳಗೆ ನಿಂತು ಕೈಸನ್ನೆ ಮಾಡಿದ. ಹುಚ್ಚರಾಯಪ್ಪ ಬಗ್ಗಿ ಕಿವಿ ಕೊಟ್ಟ. ಆಮೇಲೆ ಹಾರ ತೆಗೆಯುವುದನ್ನೂ ಮರೆತು ವೇದಿಕೆ ಇಳಿದು ಓಡಿದ.

ಮಾಸ್ತಮ್ಮ ಕಹಳೆಯ ಕಂಬಕ್ಕೆ ಒರಗಿ ಕೂತಿದ್ದಳು. ಗಂಟು ತೊಡೆಯ ಮೇಲಿತ್ತು. ಕಣ್ಣು ಮೇಲಕ್ಕೆ ತೆರೆದಿತ್ತು. ಹುಚ್ಚರಾಯಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈ ಹಿಡಿದು, ಬಿಟ್ಟು, ಮತ್ತೆ ಹಿಡಿದ.

"ಬಸ್ಸಿಳಿದು ನನ್ನನ್ನ ಕೇಳಿದ್ಲು" ಎಂದ ಸುಬ್ಬಪ್ಪ. "'ರೇಡಿಯೋ ಹುಚ್ಚರಾಯಪ್ಪನ್ನ ಎಲ್ಲಿ ಮಣ್ಣು ಮಾಡಿದ್ರಪ್ಪಾ?' ಅಂತ. ನಾನು ಹಾಲು ಉಕ್ತಾ ಇತ್ತು ಅಂತ ಒಳಗೆ ನೋಡ್ತಿದ್ದೆ. ಉತ್ತರ ಕೊಡೋಷ್ಟರಲ್ಲಿ ಮ್ಯಾಲಿಂದ ನಿಂದೇ ದನಿ. ತಲೆ ಎತ್ತಿ ನೋಡಿದ್ಲು. ಸುತ್ತಾಮುತ್ತಾ ನೋಡಿದ್ಲು. 'ಬಂದೆ ಕಣೋ ತಮ್ಮಾ, ಒಬ್ನೇ ಅದೀಯೇನೋ ಅಲ್ಲಿ' ಅಂದ್ಲು. ಕೂತ್ಲು. ನಾನು ನೀರು ತರೋಷ್ಟರಲ್ಲಿ..."

"ಬದುಕಿದೀನಿ ಅಂತ ಗೊತ್ತಾಗ್ಲಿಲ್ವೇನೋ ಅವಳಿಗೆ?"

ಸುಬ್ಬಪ್ಪ ಚಹಾ ಮಾರುವವನು. ದಿನಕ್ಕೆ ಹತ್ತು ಸುಳ್ಳು ಹೇಳುವವನು. ಹನ್ನೊಂದನೆಯದು ಅವನಿಗೆ ಆ ಹೊತ್ತಿಗೆ ಸಿಗಲಿಲ್ಲ. "ಇಲ್ಲಪ್ಪ" ಎಂದ.

ಹಿಂದೆಯೇ ಬಂದಿದ್ದ ಧರ್ಮಪ್ಪ ಜೇಬಿಗೆ ಕೈಹಾಕಿ ಕಾಗದವನ್ನು ಚಾಚಿದ. ಮಡಿಕೆ ಬಿಚ್ಚಿರಲಿಲ್ಲ. ಚಿರೋಟಿಯ ತುಪ್ಪ ಹತ್ತಿ ಸೀಲು ಆಚೆ ಬದಿಗೂ ಕಾಣುತ್ತಿತ್ತು. ಹುಚ್ಚರಾಯಪ್ಪ ಅದನ್ನು ತೆಗೆದುಕೊಳ್ಳಲಿಲ್ಲ, ಅವನನ್ನು ಹೊಡೆಯಲೂ ಇಲ್ಲ. ಅಕ್ಕನ ಗಂಟು ಬಿಚ್ಚಿದ. ತನಗೆಂದು ತಂದಿದ್ದ ಪಂಚೆಯನ್ನು ಅವಳಿಗೆ ಕೊರಳವರೆಗೆ ಹೊದಿಸಿದ. ವರದಮ್ಮ ಬಂದು ಕಂಬದ ಬುಡದಲ್ಲಿ ಕುಸಿದು ಎದೆ ಬಡಿದುಕೊಂಡಳು. ಅವಳ ಅಳುವಿನ ಅಡಿಯಲ್ಲಿ, ಸಾವು ಗಂಡನನ್ನು ಬಿಟ್ಟು ಹೋಯಿತೆಂಬ, ಅವಳಿಗೇ ನಾಚಿಕೆಯಾಗುವಂಥ ಒಂದು ನಿರಾಳ ಇತ್ತು. ಗಂಡ ಅದನ್ನು ಕಂಡ.

ತೋಟಕ್ಕೆ ಅವನು ಹಿಂದಿರುಗಿದಾಗ ಶೇಷಪ್ಪನವರು ವಂದನಾರ್ಪಣೆ ಎಳೆಯುತ್ತಿದ್ದರು. ಸುದ್ದಿ ಕಿವಿಗೆ ಬಿದ್ದಿದ್ದ ಅವರು ಮೈಕು ಬಿಟ್ಟು ಬಂದು, ವೇದಿಕೆಯ ಹಿಂದೆಯೇ ಅವನನ್ನು ತಡೆದು ಪಿಸುಗುಟ್ಟಿದರು. "ಈಗ ಬೇಡ ಕಣಯ್ಯಾ. ಶುಭ ಸಮಾರಂಭ, ಸಾಹೇಬರಿದಾರೆ. ಅವರು ಹೋಗ್ಲಿ."

"ಆರೂವರೆ ಆಯ್ತು ಸ್ವಾಮಿ" ಎಂದ ಹುಚ್ಚರಾಯಪ್ಪ. "ಹೊಸಬರು ನಾಳೆ ಬರ್ತಾರೆ. ಇವತ್ತಿನ ಹತ್ತು ನಿಮಿಷ ನಂದೇ."

ಮೈಕಿನ ಮುಂದೆ ನಿಂತ. ಕೊರಳಲ್ಲಿ ಹಾರ ಹಾಗೆಯೇ ಇತ್ತು. "ಶಿಕಾರಿಪುರದ ಮಹಾಜನಗಳೇ. ಸೊರಬ ತಾಲ್ಲೂಕು ಚಂದ್ರಗುತ್ತಿಯ ಮಾಸ್ತಮ್ಮನವರು ಈ ಸಂಜೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ತೀರಿಕೊಂಡರು."

ಹಿಂದಿನ ಸಾಲಿನಿಂದ ಯಾರೋ, "ಈ ಸಲ ಕಾಗೆ ಯಾರಿಗೆ ಮುಟ್ತ್ರೀ ರೇಡಿಯಪ್ಪಾ? ಅಕ್ಕಂಗಾ?" ಎಂದು ಕೂಗಿದ. ತಡೆಯಲಾರದ ನಗು ಅಲೆಯಾಗಿ ಎದ್ದಿತು. ಹೆಂಗಸರೂ ಸೆರಗು ಕಚ್ಚಿ ನಕ್ಕರು. ಅಮಲ್ದಾರರಿಗೂ ನಗು ಬಂತು.

ಹದಿನೇಳು ವರ್ಷದಲ್ಲಿ ಅವನು ಹೇಳಬೇಕಾಗಿ ಬಂದಿರದ ಒಂದು ಮಾತನ್ನು ಆಗ ಹೇಳಿದ.

"ಈ ಸುದ್ದಿ ನಿಜ."

ನಗು ನಿಲ್ಲಲಿಲ್ಲ. ಇನ್ನೊಮ್ಮೆ ಹೇಳಿದ. ಕೆಲವರು ಮಾತ್ರ ನಿಂತು ಅವನ ಮುಖ ನೋಡಿದರು. ಮೂರನೆಯ ಸಲಕ್ಕೆ ಪಾಂಚಜನ್ಯ ಒಡೆಯಿತು. ದನಿ ಹೊರಡಲಿಲ್ಲ, ಬರಿಯ ಉಸಿರು ಮೂರು ಕಹಳೆಗಳಲ್ಲಿ ಗರಗರ ಸದ್ದು ಮಾಡಿತು. ಬಸ್ ಸ್ಟ್ಯಾಂಡಿನಲ್ಲಿ ಹೆಣ ಕಾಯುತ್ತಿದ್ದ ಸುಬ್ಬಪ್ಪ ಆ ಸದ್ದು ಕೇಳಿ, ತಲೆಯ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದ.